ಅಕ್ಕನ ಅನ್ನನಾಳದ ಕೊಳವೆ, ತಮ್ಮ ಅರಗಿನ ಮುದ್ರೆ

ವೈದ್ಯಕೀಯ ಉಪಕರಣಗಳ ನಿಯಂತ್ರಣಾಧಿಕಾರಿಗಳೇ,

ನನ್ನ ಅಕ್ಕನ ಅನ್ನನಾಳದಲ್ಲಿ ಒಂದು ಕೊಳವೆ ಸಿಕ್ಕಿಕೊಂಡಿದೆ. ಅದನ್ನು ಹೊರತೆಗೆಯುವ ಕೊಕ್ಕೆ ತಾವು ಅರಗಿನ ಮುದ್ರೆ ಒತ್ತಿಸಿದ ಪೆಟ್ಟಿಗೆಯಲ್ಲಿದೆ. ಆಸ್ಪತ್ರೆಯಲ್ಲಿ ಡಾಕ್ಟರ ಕೋಣೆಗೂ ಆ ಪೆಟ್ಟಿಗೆಯಿರುವ ಉಗ್ರಾಣಕ್ಕೂ ಇರುವ ದೂರ ಒಂದೇ ಮಹಡಿ. ಹನ್ನೊಂದು ವಾರಗಳಿಂದ ಅದನ್ನು ದಾಟಲು ಯಾರಿಗೂ ಆಗಿಲ್ಲ.

ತಾವು ಬಲ್ಲವರು. ಆದರೂ ಫ್ರಿಜ್ ರಿಪೇರಿ ಮಾಡುವ ನಾನು ನನಗೆ ತಿಳಿದಷ್ಟು ಹೇಳುತ್ತೇನೆ. ಆ ಕೊಳವೆ ತನ್ನ ಆಕಾರವನ್ನು ನೆನಪಿಟ್ಟುಕೊಳ್ಳುವ ಪ್ಲಾಸ್ಟಿಕ್ಕಿನದು. ಮಡಚಿ ಒಳಗಿಟ್ಟರೆ ಮೈಬಿಸಿಗೆ ಅರಳಿ, ಕಿರಿದಾದ ಅನ್ನನಾಳವನ್ನು ಅಗಲಿಸಿ ಹಿಡಿಯುತ್ತದೆ. ತಣ್ಣೀರು ತಗುಲಿದರೆ ಮುದುಡುತ್ತದೆ. ಆಗ ಅದಕ್ಕೆಂದೇ ಮಾಡಿದ ಕೊಕ್ಕೆಯಲ್ಲಿ ಹಿಡಿದು ಎಳೆಯಬೇಕು. ಆರು ವಾರಕ್ಕೆ ತೆಗೆಯಬೇಕಿತ್ತು. ಐದನೆಯ ವಾರ, ಅದೇ ಕಂಪನಿಯ ಕೆಲವು ಕೊಳವೆಗಳು ಸರಿಯಾಗಿ ಅರಳುತ್ತಿಲ್ಲವೆಂದು ತಾವು ಇಡೀ ದಾಸ್ತಾನಿಗೆ ಮುದ್ರೆ ಹಾಕಿಸಿದಿರಿ. ಒಳ್ಳೆಯ ಕೆಲಸವೇ. ಆದರೆ ಕೊಕ್ಕೆಯೂ ಅದೇ ಪೆಟ್ಟಿಗೆಯಲ್ಲಿತ್ತಲ್ಲ ಸ್ವಾಮಿ! ಇನ್ನೂ ಒಳಹೋಗದ ಕೊಳವೆಗಳಿಂದ ಜನರನ್ನು ಕಾಪಾಡುವ ಭರದಲ್ಲಿ, ಆಗಲೇ ಒಳಗಿದ್ದ ಕೊಳವೆಯನ್ನು ಮರೆತದ್ದಕ್ಕೆ ತಮಗೆ ಯಾವ ಪದಕ ಕೊಡೋಣ?

"ಬೇರೆ ಕೊಕ್ಕೆ ಹಾಕಿದ್ರೆ ಕೊಳವೆ ಹರಿದುಹೋಗುತ್ತೆ. ಹೀಗೇ ಬಿಟ್ರೆ ಸುತ್ತ ಮಾಂಸ ಬೆಳ್ಕೊಂಡುಬಿಡುತ್ತೆ. ನನ್ನ ಕೈ ಕಟ್ಟಿಹಾಕಿದಾರೆ," ಎನ್ನುತ್ತಾರೆ ಡಾಕ್ಟರು. ತಮ್ಮ ಕಚೇರಿಗೆ ನಾಲ್ಕು ಸಲ ಅಲೆದೆ. "ತನಿಖೆ ಮುಗಿಯೋವರೆಗೂ ಪೆಟ್ಟಿಗೆ ಮುಟ್ಟೋ ಹಾಗಿಲ್ಲಪ್ಪ. ನಿಮ್ಮಕ್ಕನಿಗೆ ಸ್ವಲ್ಪ ತಾಳ್ಕೊಳ್ಳೋಕೆ ಹೇಳಿ," ಎಂದರು ತಮ್ಮ ಗುಮಾಸ್ತರು. ಅಕ್ಕನಿಗೇನೋ ಹೇಳಬಹುದು. ಬೆಳೆಯುತ್ತಿರುವ ಮಾಂಸಕ್ಕೆ ಯಾರು ಹೇಳಬೇಕು? ತಾವೇ ಒಂದು ಸುತ್ತೋಲೆ ಹೊರಡಿಸುತ್ತೀರಾ?

ಅಕ್ಕ ಹೊಲಿಗೆಯವಳು. ಅಮ್ಮ ಹೋದ ಮೇಲೆ ನನ್ನನ್ನು ಬೆಳೆಸಿದವಳು. ಈಗ ಅವಳಿಗೆ ಮೂರು ಹೊತ್ತೂ ಉಗುರುಬೆಚ್ಚಗಿನ ತೆಳು ಆಹಾರವೇ ಗತಿ. ತಣ್ಣೀರು ಕುಡಿಯುವಂತಿಲ್ಲ, ಹಿಡಿಯುವ ಕೊಕ್ಕೆಯಿಲ್ಲದೆ ಕೊಳವೆ ಮುದುಡಿದರೆ ಜಾರಿ ಕರುಳಿಗೆ ಅಡ್ಡ ಕೂರುತ್ತದಂತೆ. ಕಳೆದ ವಾರ ಮಧ್ಯಾಹ್ನ ಮನೆಗೆ ಬಂದರೆ, ಫ್ರಿಜ್ಜಿನ ಬಾಗಿಲು ತೆರೆದು ಬಾಟಲಿ ಹಿಡಿದು ನಿಂತಿದ್ದಳು.

"ಒಂದೇ ಲೋಟ ಕಣೋ. ಎರಡರಲ್ಲಿ ಒಂದಾಗಿಹೋಗ್ಲಿ. ಒಳಗೇ ಕೂತು ಕತ್ತು ಹಿಸುಕ್ತಿದೆ, ಸಾಕಾಗಿಹೋಯ್ತು."

ಬಾಟಲಿ ಕಿತ್ತುಕೊಂಡೆ. ಅಂದೇ ಫ್ರಿಜ್ಜಿಗೆ ಕೊಂಡಿ ಕೂರಿಸಿ ಬೀಗ ಜಡಿದೆ. ಅಕ್ಕ ನನ್ನನ್ನೇ ನೋಡುತ್ತಿದ್ದಳು. "ನೀನೂ ಆಫೀಸರ್ ಆಗ್ಬಿಟ್ಯಲ್ಲೋ," ಎಂದು ನಕ್ಕಳು. ನನಗೆ ಅಳು ತಡೆಯಲಾಗಲಿಲ್ಲ.

ತನಿಖೆ ನಿಲ್ಲಿಸಿ ಎನ್ನುತ್ತಿಲ್ಲ. ಕೊಳವೆಗಳೆಲ್ಲ ತಮ್ಮ ವಶದಲ್ಲೇ ಇರಲಿ. ತಮ್ಮವರನ್ನೇ ಕಳಿಸಿ, ಅವರೆದುರಿಗೇ ಪೆಟ್ಟಿಗೆ ತೆರೆಸಿ, ಒಂದು ಕೊಕ್ಕೆ ಡಾಕ್ಟರ ಕೈಗೆ ಕೊಡಿಸಿ. ಆಮೇಲೆ ಬೇಕಾದರೆ ಹತ್ತು ಮುದ್ರೆ ಒತ್ತಿ. ಈ ವಾರವೇ ಆಗಬೇಕು. ಚಳಿಗಾಲ ಹತ್ತಿರ ಬಂತು. ಇನ್ನು ನಲ್ಲಿಯಲ್ಲೂ ತಣ್ಣೀರೇ ಬರುತ್ತದೆ. ಅದಕ್ಕೆ ಹಾಕಲು ನನ್ನ ಬಳಿ ಬೀಗವಿಲ್ಲ.

ಇಂತಿ,
ಸ್ವಂತ ಅಕ್ಕನಿಗೆ ಕಾವಲು ಕೂತಿರುವ
ಒಬ್ಬ ಫ್ರಿಜ್ ಮೆಕ್ಯಾನಿಕ್