ಅಮ್ಮ ಹಿಡಿದ ವಾಲೈ ಮೀನು

ಅಪ್ಪಾ,

ನೀನು ಹೋದಮೇಲಿನ ಮೊದಲ ಬೇಸಿಗೆ ಇದು. ನಮ್ಮ ಸರೋವರಕ್ಕೆ ದೋಣಿಯಲ್ಲಿ ಈ ಸಲ ನನ್ನ ಜೊತೆ ಅಮ್ಮ ಬಂದಿದ್ದಾಳೆ. ಅವಳಿಗೆ ನೀರೆಂದರೆ ಭಯ ಎಂದು ನೀನು ಹೇಳುತ್ತಿದ್ದೆಯಲ್ಲ, ಹಾಗಾಗಿ ದಡದ ಹತ್ತಿರವೇ ಹುಟ್ಟು ಹಾಕುತ್ತಾ ಬಂದೆ.

ಸಂಜೆ ಬಂಡೆಗಳ ಬದಿಯಲ್ಲಿ ಗಾಳ ಬಿಟ್ಟೆ. ಏನೂ ಕಚ್ಚಲಿಲ್ಲ. ಅಮ್ಮ ಸ್ವಲ್ಪ ಹೊತ್ತು ನೋಡಿ, "ಇಲ್ಲಿ ಕೊಡೇ, ಆಯ್ಲಿ, ಮೀನಿಗೆ ಜೋಗುಳ ಹಾಡ್ತಿದ್ದೀಯಾ?" ಎಂದು ಕೋಲು ಕಿತ್ತುಕೊಂಡಳು. ಗಾಳವನ್ನು ತಳ ಮುಟ್ಟಿಸಿ, ಒಂದು ಗೇಣು ಎತ್ತಿ, ಸುಮ್ಮನೆ ಕಾದಳು. ಕೋಲು ಬಾಗಿತು. ಹೊನ್ನಿನ ಬಣ್ಣದ ದೊಡ್ಡ ವಾಲೈ ಮೀನು ಮೇಲೆ ಬಂತು. ಮುಸ್ಸಂಜೆ ಬೆಳಕಿಗೆ ಅದರ ಕಣ್ಣು ಬೆಕ್ಕಿನ ಕಣ್ಣಿನಂತೆ ಹೊಳೆಯಿತು.

"ಇದನ್ನೆಲ್ಲ ಯಾರಮ್ಮಾ ಹೇಳ್ಕೊಟ್ರು?"

"ನಮ್ಮಪ್ಪ. ನಿಮ್ಮಪ್ಪಂಗೆ ನಾನು ಹೇಳ್ಕೊಟ್ಟೆ. ನೀನು ಹುಟ್ಟಿದ್ಮೇಲೆ ಯಾರಾದ್ರೂ ಒಬ್ರು ಮನೇಲಿರ್ಬೇಕಿತ್ತಲ್ಲ."

ನಗುತ್ತಲೇ ಹೇಳಿದಳು. ನಾನು ದೊಡ್ಡವಳಾದ ಮೇಲೂ ಪ್ರತಿ ಬೇಸಿಗೆ ನಾವಿಬ್ಬರೇ ಬರುತ್ತಿದ್ದೆವಲ್ಲ, ಅಪ್ಪಾ.

ದಡದಲ್ಲಿ ಬೆಂಕಿ ಹಾಕಿ ಮೀನು ಹುರಿದೆ. ಮೊದಲ ತುಂಡನ್ನು ಅವಳಿಗೇ ಬಡಿಸಿದೆ. ನಾಳೆ ದೋಣಿಯ ಹಿಂದುಗಡೆ ಕೂತು ಅದನ್ನು ನಡೆಸುವವಳು ಅವಳೇ ಅಂತೆ. ಉತ್ತರಕ್ಕೆ ಇನ್ನೊಂದು ಸರೋವರವಿದೆಯಂತೆ, ಅವಳು ನಿನಗೂ ತೋರಿಸದೆ ಇಟ್ಟುಕೊಂಡದ್ದು.

ನಿನ್ನ ಆಯ್ಲಿ