ಒರೆಸಿದ ಕೆಂಪು

ಶುಕ್ರವಾರ, ನವೆಂಬರ್ 4, 1983

ಒಡತಿ ರೋನಿಯ ಬಾರಿನಲ್ಲಿ ನಾನಿಟ್ಟಿರುವ, ನಾಣ್ಯ ಹಾಕಿದರೆ ಹಾಡುವ ಯಂತ್ರವನ್ನು ಇವತ್ತೂ ವಾಪಸು ತರಲಿಲ್ಲ. ಉಕ್ಕಿನ ಕಾರ್ಖಾನೆ ಮುಚ್ಚಿದ ಮೇಲೆ ಅಲ್ಲಿ ಕೂರುವವರು ನಾಲ್ಕೇ ಜನ, ನಾಲ್ವರೂ ಜಿಪುಣರು. ಕಾಲೇಜಿನ ಪಕ್ಕದ ಬಾರಿನವನು ಅದೇ ಯಂತ್ರಕ್ಕೆ ಎರಡು ತಿಂಗಳಿಂದ ಕಾದಿದ್ದಾನೆ. ಅದನ್ನು ಒಯ್ಯಲು ತಳ್ಳುಗಾಡಿಯನ್ನು ಒಳಗೆ ತಂದಿಟ್ಟು, ಮೊದಲು ಯಂತ್ರದ ನಾಣ್ಯದ ಪೆಟ್ಟಿಗೆ ತೆರೆದೆ. ತುಂಬಿತ್ತು!

ಗಿರಾಕಿಗಳಿಗೆ ಹುರುಪು ಬರಲೆಂದು ಬಾರಿನವರು ತಮ್ಮ ಕಾಲು ಡಾಲರ್ ನಾಣ್ಯಗಳಿಗೆ ಕೆಂಪು ಉಗುರುಬಣ್ಣ ಹಚ್ಚಿ ತಾವೇ ಯಂತ್ರಕ್ಕೆ ಹಾಕುವುದು ನಮ್ಮ ಕಸುಬಿನ ರೂಢಿ. ಕೆಂಪಿನವು ಅವರಿಗೇ ವಾಪಸು, ಉಳಿದದ್ದರಲ್ಲಿ ಅರ್ಧ ನನಗೆ. ಇವತ್ತು ಒಂದೂ ಕೆಂಪಿರಲಿಲ್ಲ. ಆದರೆ ನಾಣ್ಯ ನಾಣ್ಯದಲ್ಲೂ ಅಚ್ಚೊತ್ತಿದ ಹದ್ದಿನ ರೆಕ್ಕೆಯ ಸಂದಿಯಲ್ಲಿ ಚೂರು ಕೆಂಪು ಉಳಿದಿತ್ತು. ರೋನಿ ಬಣ್ಣ ಒರೆಸಿ, ತನ್ನ ದುಡ್ಡನ್ನೇ ಗಿರಾಕಿಗಳದೆಂದು ತೋರಿಸಿದ್ದಾಳೆ. ಯಂತ್ರ ಇಲ್ಲೇ ಉಳಿಯಲೆಂದು ಅದರಲ್ಲಿ ಅರ್ಧ ಕಳೆದುಕೊಳ್ಳಲೂ ತಯಾರಿದ್ದಾಳೆ.

“ವ್ಯಾಪಾರ ಜೋರು ಕಣೇ,” ಅಂದೆ.

“ಮತ್ತೆ? ನಿನ್ನ ಪೋಲ್ಕಾ ಹಾಡು ಅಂದ್ರೆ ಪ್ರಾಣ ಬಿಡ್ತಾರೆ. ಆ ಗಾಡಿ ಯಾಕೋ ತಂದೆ, ಲಿಯೋ?”

“ಬೆನ್ನು ನೋವು. ಊರ್ಕೊಂಡು ನಡೆಯೋಕೆ.”

“ಮುದುಕಾ, ಸುಳ್ಳಾದ್ರೂ ನೆಟ್ಟಗೆ ಹೇಳೋ.” ಆಮೇಲೆ ದನಿ ತಗ್ಗಿಸಿದಳು. “ಈ ಯಂತ್ರ ಹೋದ್ರೆ ಇವ್ರು ಒಬ್ಬರ ಕೆಮ್ಮು ಒಬ್ಬರು ಕೇಳ್ಕೊಂಡು ಕೂರ್ಬೇಕು. ಎಷ್ಟು ದಿನ ಬರ್ತಾರೆ ಹೇಳು?”

ನಾಣ್ಯಗಳನ್ನೆಲ್ಲ ಅವಳ ಮುಂದೆ ಸುರಿದು, “ಬಣ್ಣ ವಾಪಸ್ ಹಚ್ಚು,” ಅಂದೆ. ಖಾಲಿ ಗಾಡಿ ತಳ್ಳಿಕೊಂಡು ಬಂದೆ. ಬಾಗಿಲು ದಾಟುವ ಮೊದಲೇ ಹಿಂದೆ ಹಾಡು ಶುರುವಾಯಿತು.

ಇವತ್ತಿನ ಗಳಿಕೆ ಸೊನ್ನೆ, ಬೆನ್ನು ಮಾತ್ರ ನಿಜಕ್ಕೂ ನೋಯುತ್ತಿದೆ. ಸೋಮವಾರ ಕಾಲೇಜಿನವನಿಗೆ ಗಾಡಿಯ ಚಕ್ರ ಮುರಿದಿದೆ ಅನ್ನಬೇಕು. ಅದನ್ನಾದರೂ ನೆಟ್ಟಗೆ ಹೇಳಬೇಕು.