ಕೊನೆಗೆ ಒತ್ತಿದ ಲಿಂಕ್

ಜೀವನ್ ಬಿಮಾ ನಗರ
೧೪ ಜುಲೈ ೨೦೨೪

ಪ್ರಿಯ ಅಂಜನಮೂರ್ತಿ,

ನಮಸ್ಕಾರ. ಮೊಣಕಾಲು ನೋವು ಹೇಗಿದೆ? ಹಲಸೂರು ಇಲ್ಲೇ ಪಕ್ಕದಲ್ಲಿದ್ದರೂ ತಿಂಗಳಿಂದ ಅತ್ತ ಬಂದಿಲ್ಲ, ನಿನ್ನ ಫೋನೂ ಎತ್ತಿಲ್ಲ. ಕ್ಷಮಿಸು. ವಾಟ್ಸಾಪ್‌ನಲ್ಲಿ ಬರೆದರೆ ನೀನು ಓದಿದೆಯೋ ಇಲ್ಲವೋ ಎಂದು ನೀಲಿ ಗೆರೆ ಕಾಯುತ್ತಾ ಕೂರುತ್ತೇನೆ. ಅದಕ್ಕೇ ಈ ಕಾಗದ.

ನೇರವಾಗಿ ಹೇಳಿಬಿಡುತ್ತೇನೆ: ನನಗೆ ಹೊಟ್ಟೆಕಿಚ್ಚು. ನಾವಿಬ್ಬರೂ ವಿಮಾ ಕಚೇರಿಯಿಂದ ನಿವೃತ್ತರಾದ ಮೇಲೆ ಅಡುಗೆಮನೆ ಸಾಮಾನುಗಳ ಬಗ್ಗೆ ವೆಬ್‌ಸೈಟಿನಲ್ಲಿ ಬರೆಯುವುದು, ಓದಿದವರು ನಮ್ಮ ಲಿಂಕ್ ಒತ್ತಿ ಕೊಂಡರೆ ಅಂಗಡಿಯಿಂದ ಕಮಿಷನ್ ಪಡೆಯುವುದು, ಈ ಮಹಾವಿದ್ಯೆಯನ್ನು ನಿನಗೆ ಧಾರೆಯೆರೆದವನು ನಾನು. ನನ್ನ ಸೈಟಿಗೆ ಯಾರು ಯಾವ ಊರಿಂದ ಬಂದರು, ಎಷ್ಟು ಹೊತ್ತು ನಿಂತರು, ಯಾವ ಪುಟದಿಂದ ಓಡಿಹೋದರು, ಎಲ್ಲ ಬಲ್ಲೆ. ಕೆ.ಆರ್. ಪುರದಿಂದ ಯಾರೋ ದಿನಾ ಬಂದು ಇಡ್ಲಿ ಕುಕ್ಕರ್ ನೋಡಿ, ಕೊಳ್ಳದೆ ಹೋಗುತ್ತಾರೆ. ಅವರ ಚಿಂತೆಯಲ್ಲಿ ನನಗೆ ಊಟ ಸೇರುವುದಿಲ್ಲ. ನೀನೋ, ನಿನ್ನ ಸೈಟಿನ ಮಾರಾಟದ ರಿಪೋರ್ಟನ್ನೂ ನನ್ನಿಂದಲೇ ಓದಿಸುತ್ತೀಯ. ಆ ಅಂಕಿ ಓದುವಾಗ ನನ್ನ ದನಿ ನಡುಗಿದ್ದನ್ನು ನೀನು ವಯಸ್ಸು ಅಂದುಕೊಂಡೆ, ಪುಣ್ಯಾತ್ಮ.

ಬಂಧುಗಳಲ್ಲಿ ನನಗೆ ನಿಷ್ಠರು ಯಾರೆಂದು ತಿಳಿಯಲು ಒಬ್ಬೊಬ್ಬರಿಗೂ ಬೇರೆ ಬೇರೆ ಗುರುತಿನ ಲಿಂಕ್ ಕಳಿಸಿದ್ದೆ. ಹೆಂಡತಿ ಎಂಬ ರಿಯಾಯಿತಿ ತೋರದೆ ಜಲಜಾಳಿಗೂ ಒಂದು. ಕಳೆದ ತಿಂಗಳು ಮನೆಗೆ ಹೊಸ ಮಿಕ್ಸಿ ಬಂತು. ಅವಳು ಡಬ್ಬ ಬಿಚ್ಚುವ ಮೊದಲೇ ನಾನು ರಿಪೋರ್ಟ್ ಬಿಚ್ಚಿದೆ. ಕಮಿಷನ್ ಯಾರಿಗೆ ಬೇಕು, ಅವಳ ಹೆಸರಿನ ಮುಂದೆ ಒಂದು ಅಂಕಿ ಸಾಕಿತ್ತು. ಭೇಟಿ ಒಂದು, ಮಾರಾಟ ಸೊನ್ನೆ.

ವಿಚಾರಣೆ ನಡೆಸಿದೆ. ನಿಮ್ಮದೂ ಓದಿದೆ ರೀ, ಆಮೇಲೆ ಮೂರ್ತಿಯವರದು ಓದಿ ಅಲ್ಲೇ ಒತ್ತಿ ತಗೊಂಡೆ ಅಂದಳು. ಕೊನೆಗೆ ಯಾರ ಲಿಂಕ್ ಒತ್ತಿದರೋ ಮಾರಾಟ ಅವರದು. ಅಂಗಡಿಯ ನ್ಯಾಯ ಅದು. ನನ್ನ ಲೇಖನದಲ್ಲಿ ಮೋಟಾರಿನ ವಾಟ್ಸ್ ಇತ್ತು, ಜಾರಿನ ದಪ್ಪ ಇತ್ತು, ಐದು ಮಿಕ್ಸಿಗಳ ತುಲನಾತ್ಮಕ ಅಧ್ಯಯನವಿತ್ತು. ಮನುಷ್ಯರಿಗೆ ಇನ್ನೇನು ಬೇಕು?

ಇರಲಿ. ಮುಂದಿನ ಭಾನುವಾರ ತಿಂಡಿಗೆ ಬಾ. ಆ ಮಿಕ್ಸಿಯ ಚಟ್ನಿ ನುಣ್ಣಗಿರುತ್ತದೆ, ನನ್ನ ಗಂಟಲಲ್ಲಿ ಮಾತ್ರ ಇಳಿಯುವುದಿಲ್ಲ. ನಿನ್ನ ಮಗಳು ಇಂಚರಾಗೆ ನನ್ನ ಆಶೀರ್ವಾದ. ನಿನಗಿಂತ ಒಂದು ಮಳೆಗಾಲ ದೊಡ್ಡವನಾದ್ದರಿಂದ ನಿನಗೂ ಒಂದಿಷ್ಟು.

ನಿನ್ನ
ಅನಂತರಾಮು

ತಾ.ಕ.: ಹಟ ಹಿಡಿದು ನಿನ್ನ ಲೇಖನ ಓದಿರಲಿಲ್ಲ. ಇದನ್ನು ಬರೆದು ಮುಗಿಸಿದ ಮೇಲೆ ಓದಿದೆ. ವಾಟ್ಸ್ ಇಲ್ಲ, ಜಾರೂ ಇಲ್ಲ. ಈ ಮಿಕ್ಸಿ ತಿರುಗುವಾಗಲೂ ಹಾಲ್‌ನಲ್ಲಿರುವವರ ಮಾತು ಕೇಳಿಸುತ್ತದೆ, ಅಡುಗೆಮನೆಯಲ್ಲಿ ಒಬ್ಬರೇ ಇರುವವರಿಗೆ ಅದೇ ದೊಡ್ಡ ಅನುಕೂಲ ಎಂದು ಬರೆದಿದ್ದೀಯ. ಜಲಜಾಳಿಗೆ ಬೇಕಿದ್ದುದೂ ಅದೇ ಅಂತೆ. ಅದು ಮೂರ್ತಿಗೆ ಹೇಗೆ ಗೊತ್ತಾಯಿತು ಎಂದು ಕೇಳಿದೆ. ನೀನು ಬಂದಾಗಲೆಲ್ಲ ಕಾಫಿ ಲೋಟ ಹಿಡಿದು ಅಡುಗೆಮನೆ ಬಾಗಿಲಲ್ಲಿ ನಿಲ್ಲುತ್ತಿದ್ದೆಯಂತೆ. ನಾನು ಹಾಲ್‌ನಲ್ಲೇ ಲ್ಯಾಪ್‌ಟಾಪ್ ಮುಂದೆ ಇರುತ್ತಿದ್ದೆನಂತೆ.

"ಅವ್ರು ಕೇಳಿದ್ರು, ಹೇಳ್ದೆ" ಅಂದಳು.